ಮೂರನೆಯ ತಂತಿ

ನಮ್ಮ ತಂದೆಯವರು 35 ವರ್ಷ ಲೈನ್‌ಮನ್ ಆಗಿ ದುಡಿದವರು. ಸಕಲೇಶಪುರದ ಕಡೆಯ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ, ಕಂಬಳಿಯ ಕೊಪ್ಪೆ ಹಾಕಿಕೊಂಡು ರಾತ್ರಿಯೆಲ್ಲ ಲೈನು ಹಿಡಿದು ನಡೆದವರು. ಅವರ ಹೊಟ್ಟೆಯಲ್ಲಿ ಹುಟ್ಟಿದ ನಾನಾದರೋ ಮನೆಯ ಫ್ಯೂಸು ಕಟ್ಟಲು ಬಾರದ ಕನ್ನಡ ಮೇಷ್ಟ್ರು. ಷಟ್ಪದಿಗೆ ಗಣ ಹಾಕಬಲ್ಲೆನೇ ಹೊರತು ಫೇಸ್ ಯಾವುದು, ನ್ಯೂಟ್ರಲ್ ಯಾವುದು ತಿಳಿಯದು. ಈ ಅಜ್ಞಾನವೇ 2022ರ ಆಷಾಢದಲ್ಲಿ ನನ್ನನ್ನು ಅವರ ಮುಂದೆ ಕಳ್ಳನಂತೆ ನಿಲ್ಲಿಸಿತು.

ಆಗ ಅವರಿಗೆ 74. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಾತ್ರಿ ಮೂರು ದಿಂಬು ಒಟ್ಟಿ, ಒರಗಿ ಕೂತೇ ನಿದ್ದೆ. ಬೆಂಗಳೂರಿನ ಆಸ್ಪತ್ರೆಯೊಂದರ ವೈದ್ಯರು, ಹೃದಯ ಹಿಗ್ಗಿ ಸೋತಿದೆ ಎಂದರು. ಎಡಗಡೆಯ ಕೋಣೆ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಹೊರಕ್ಕೆ ತಳ್ಳಬೇಕು. ಅಪ್ಪನದು ನೂರಕ್ಕೆ 25 ಭಾಗ ತಳ್ಳುತ್ತಿತ್ತು. ಜೊತೆಗೆ, ಹೃದಯದಲ್ಲಿ ಎಡಕ್ಕೆ ಹೋಗುವ ವಿದ್ಯುತ್ತಿನ ದಾರಿ ಕಟ್ಟಿಹೋಗಿ, ಒಂದು ಗೋಡೆ ಮೊದಲೂ ಇನ್ನೊಂದು ತಡವಾಗಿಯೂ ಕುಗ್ಗುತ್ತಿದ್ದವು. "ಕಂಬ ಎತ್ತುವಾಗ ಐಸಾ ಅಂತ ಒಟ್ಟಿಗೆ ಎಳೆಯದೆ ಒಬ್ಬೊಬ್ಬ ಒಂದೊಂದು ಸಲ ಎಳೆದ ಹಾಗೆ" ಎಂದು ಅಪ್ಪನೇ ವೈದ್ಯರಿಗೆ ಅರ್ಥ ಹೇಳಿದರು.

ಇದಕ್ಕೆ ಮೂರು ತಂತಿಯ ಪೇಸ್‌ಮೇಕರ್ ಹಾಕುತ್ತಾರೆ. ಎರಡು ತಂತಿಗಳು ಹೃದಯದ ಬಲಭಾಗದೊಳಗೆ ಸಲೀಸಾಗಿ ಕೂರುತ್ತವೆ. ಕಷ್ಟವೆಲ್ಲ ಮೂರನೆಯದರದು. ಎಡಕೋಣೆಯೊಳಗೇ ತಂತಿ ಇಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹಾರುವ ಭಯ. ಆದ್ದರಿಂದ ಹೃದಯದ ಬೆನ್ನ ಮೇಲಿನ ರಕ್ತನಾಳದೊಳಕ್ಕೆ ಪ್ರವಾಹಕ್ಕೆ ಎದುರಾಗಿ ನುಗ್ಗಿ, ಅದಕ್ಕೆ ಎಡಗಡೆಯಿಂದ ಬಂದು ಸೇರುವ ಉಪನದಿಯಂಥ ಕವಲೊಂದರಲ್ಲಿ ತಂತಿಯನ್ನು ತಂಗಿಸಬೇಕು. ಮೊದಮೊದಲು ಇದಕ್ಕೆ ಎದೆಯನ್ನೇ ತೆರೆಯಬೇಕಾಗಿತ್ತು. ಹೀಗೆ ನಾಳದೊಳಗಿಂದ ಹೋಗುವ ದಾರಿಯನ್ನು ಫ್ರಾನ್ಸಿನ ರೆನ್ ನಗರದ ವೈದ್ಯರು 1998ರಲ್ಲಿ ಪ್ರಕಟಿಸಿದರು. ಹಿಗ್ಗಿದ ಹೃದಯದಲ್ಲಿ ಆ ನಾಳದ ಬಾಯಿಯೇ ಜಾಗ ತಪ್ಪಿರುತ್ತದೆ. ಕೆಲವರಲ್ಲಿ ಬಾಯಿಗೊಂದು ಪೊರೆಯ ಬಾಗಿಲು ಬೇರೆ.

ಅಪ್ಪನನ್ನು ಒಳಗೆ ಕರೆದುಕೊಂಡು ಹೋಗಿ ಮೂರು ಗಂಟೆಯಾದ ಮೇಲೆ ವೈದ್ಯರು ಹೊರಗೆ ಬಂದರು. ಮುಖ ನೋಡಿದೊಡನೆ ನನ್ನ ಕೈಕಾಲು ತಣ್ಣಗಾದವು. ಕಾಗದದ ಮೇಲೆ ಗೀಚಿ ತೋರಿಸಿದರು: ಬೇಕಾದ ಕವಲು ತಲೆಪಿನ್ನಿನ ಹಾಗೆ ಬಗ್ಗಿದೆ, ತಂತಿ ಹೋದಷ್ಟು ಸಲವೂ ಜಾರಿ ಹಿಂದೆ ಬಂತು. ಇನ್ನೊಂದು ಕವಲಿನಲ್ಲಿ ಕೂತಿತು. ಆದರೆ ಪಕ್ಕದಲ್ಲೇ ವಪೆಯ ನರ, ಬಡಿತಕ್ಕೊಂದು ಬಿಕ್ಕಳಿಕೆಯಂತೆ ಹೊಟ್ಟೆ ಹಾರತೊಡಗಿತು. ನಾಳ ಕಾಣಲು ಹಾಕುವ ಔಷಧಿಯನ್ನು ಇನ್ನೂ ಹಾಕಿದರೆ ಮೂತ್ರಪಿಂಡಕ್ಕೆ ಪೆಟ್ಟು. ಎರಡು ತಂತಿ ಇಟ್ಟು, ಮೂರನೆಯದರ ಕಿಂಡಿಯನ್ನು ಮುಚ್ಚಿ ಹೊಲಿಗೆ ಹಾಕಿದ್ದರು. "ಯಜಮಾನರಿಗೆ ನಾನು ಹೇಳಲೇ, ನೀವು ಹೇಳುತ್ತೀರಾ?" ಎಂದು ಕೇಳಿದರು. ನಾನೇ ಹೇಳುತ್ತೇನೆ ಎಂದೆ.

ಹೇಳಲಿಲ್ಲ. "ಎಲ್ಲ ಸರಿಯಾಯಿತಪ್ಪ" ಎಂದೆ. ಅವರ ಮನಸ್ಸಿಗೆ ನೋವಾಗಬಾರದೆಂದು ಸುಳ್ಳಾಡಿದೆ ಎಂದುಕೊಂಡಿದ್ದೆ. ನಿಜವೆಂದರೆ, ಇನ್ನೊಂದು ಸಲ ಆ ಬಾಗಿಲ ಹೊರಗೆ ಕೂರುವ ಧೈರ್ಯ ನನಗೇ ಇರಲಿಲ್ಲ.

ಹನ್ನೊಂದನೆಯ ದಿನ ಕಾಲೇಜಿನಿಂದ ಬಂದಾಗ ಅವರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತಿದ್ದರು.

"ಎರಡೇ ಇದೆಯಲ್ಲೋ."

ನಾನು ಏನೋ ಗೊಣಗಿದೆ.

"ಮೂರು ಫೇಸಿನ ಮೋಟಾರಿಗೆ ಒಂದು ಫೇಸ್ ಬರದಿದ್ದರೆ ಅದು ತಿರುಗೋದಿಲ್ಲ ಕಣೋ. ಗುಂಯ್ ಅಂತ ಸದ್ದು ಮಾಡುತ್ತೆ, ಬಿಸಿಯಾಗಿ ಸುಟ್ಟುಹೋಗುತ್ತೆ. ಹನ್ನೊಂದು ದಿನದಿಂದ ನನಗೆ ಹಾಗೇ ಆಗಿದೆ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು: "ಲೈನ್ ಎಳೆಯೋಕೆ ಆಗದೆ ಬರೋದು ತಪ್ಪಲ್ಲ. ಎಳೆದಿದ್ದೀವಿ ಅಂತ ಡೈರಿಯಲ್ಲಿ ಬರೆಯೋದು ತಪ್ಪು."

ಮುಂದಿನ ಮಾತುಕತೆಯನ್ನೆಲ್ಲ ವೈದ್ಯರೊಡನೆ ಅವರೇ ನಡೆಸಿದರು. ನಾನು ಚೀಲ ಹಿಡಿದು ನಿಂತಿದ್ದೆ. ಪಕ್ಕೆಲುಬಿನ ನಡುವೆ ಕೊಯ್ದು ಹೃದಯದ ಹೊರಮೈಗೆ ತಂತಿಯನ್ನು ಹೊಲಿಯಬಹುದು. ಎರಡು ಕೋಣೆಗಳ ನಡುವಣ ಗೋಡೆಯೊಳಕ್ಕೆ ತಂತಿಯನ್ನು ತಿರುಪಿ, ಎಡಗಡೆಯ ದಾರಿಯನ್ನು ಅಲ್ಲಿಯೇ ಹಿಡಿಯುವ ಹೊಸ ಕ್ರಮವೂ ಉಂಟು. ಇಲ್ಲವೇ ಅದೇ ನಾಳಕ್ಕೆ ಬೇರೆ ಸಲಕರಣೆಯೊಡನೆ ಹೋಗಬಹುದು. ಮತ್ತೆ ತೆರೆದರೆ ನಂಜಾಗುವ ಅಪಾಯ ಹೆಚ್ಚು, ಎಲ್ಲ ಸರಿಹೋದರೂ ಸುಮಾರು ಮೂವರಲ್ಲಿ ಒಬ್ಬರಿಗೆ ಹೇಳಿಕೊಳ್ಳುವಂಥ ಗುಣ ಕಾಣುವುದಿಲ್ಲ ಎಂಬುದನ್ನೂ ವೈದ್ಯರು ಮುಚ್ಚಿಡಲಿಲ್ಲ. ಅಪ್ಪ ಹಳೆಯ ದಾರಿಯನ್ನೇ ಆರಿಸಿಕೊಂಡರು.

ಹಿಂದಿನ ರಾತ್ರಿ ಧೈರ್ಯ ತುಂಬಲೆಂದು ಅವರಿಗೆ ಆರ್ನೆ ಲಾರ್ಸನ್ನನ ಕತೆ ಹೇಳಿದೆ. 1958ರಲ್ಲಿ ಸ್ಟಾಕ್‌ಹೋಮಿನಲ್ಲಿ ದೇಹದೊಳಗೆ ಪೇಸ್‌ಮೇಕರ್ ಇರಿಸಿಕೊಂಡ ಮೊದಲ ಮನುಷ್ಯ ಆತ. ಮೊದಲನೆಯ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಿಕೊಂಡು, 86 ವರ್ಷ ಬದುಕಿ, 2001ರಲ್ಲಿ ತೀರಿಕೊಂಡ. ಅಪ್ಪ ಎಲ್ಲವನ್ನೂ ಕೇಳಿ, "ಮೊದಲನೇದು ನಿಂತಾಗ ಅವನಿಗೆ ಹೇಳಿದರೋ ಇಲ್ಲವೋ?" ಎಂದರು.

ಈ ಸಲ ಕೊಳವೆಯೊಳಗೊಂದು ತುದಿ ಬಾಗಿದ ಸಣ್ಣ ಕೊಳವೆ ತೂರಿಸಿ ಕವಲಿನ ಬಾಯಿ ಹಿಡಿದರು. ಗಟ್ಟಿಯಾದ ಎಳೆಯೊಂದನ್ನು ಮುಂದೆ ಬಿಟ್ಟು ಆ ಬಾಗನ್ನು ನೇರ ಮಾಡಿಕೊಂಡರು. ತಂತಿಯ ತುದಿಯಲ್ಲಿ ಒಂದರ ಬದಲು ನಾಲ್ಕು ವಿದ್ಯುತ್ ಬಿಂದುಗಳಿದ್ದವು. ಒಂದು ಬಿಂದು ನರವನ್ನು ಕೆಣಕಿದರೆ ಇನ್ನೊಂದರಿಂದ ಬಡಿಯಬಹುದು. ಮೂರನೆಯ ಬಿಂದುವಿಗೆ ಹೊಟ್ಟೆ ಹಾರುವುದು ನಿಂತಿತಂತೆ. ಎರಡು ಗಂಟೆಯೊಳಗೆ ಮುಗಿಯಿತು.

ಆರು ತಿಂಗಳ ಮೇಲೆ 25 ಇದ್ದದ್ದು 38ಕ್ಕೆ ಏರಿತು. ದಿಂಬು ಮೂರರಿಂದ ಒಂದಕ್ಕೆ ಇಳಿಯಿತು. ಈಗ ಮನೆಗೆ ಬಂದವರಿಗೆಲ್ಲ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಒಂದು, ಎರಡು, ಮೂರು ಎಂದು ಬೆರಳಿಟ್ಟು ತೋರಿಸುತ್ತಾರೆ. ಮೊದಲನೆಯ ಎಕ್ಸ್‌ರೇಯೂ ಅದೇ ಲಕೋಟೆಯಲ್ಲಿದೆ. ನಾನಿರುವಾಗ ಅದನ್ನು ಹೊರಗೆ ತೆಗೆಯುವುದಿಲ್ಲ.