ಹೊಳೆ ಬಂದ ರಾತ್ರಿ ಹೀರೋ ಯಾರನ್ನು ಎತ್ತಿಕೊಂಡ?



ಯುವಜನ ಭಾನುವಾರಕ್ಕೆ ಈ ಸಲ ನಾಟಕ ನಮ್ಮದೇ ಆಗಿರಬೇಕು ಎಂದು ಹಟ ಹಿಡಿದಿದ್ದೆವು. ಉತ್ತರಾಖಂಡದ 2013ರ ಪ್ರವಾಹದಲ್ಲಿ ನಡೆಯುವ ಪ್ರೇಮಕಥೆ ‘ಕೇದಾರನಾಥ್’ ಸಿನಿಮಾವನ್ನು ಎಲ್ಲರೂ ಒಟ್ಟಿಗೆ ನೋಡಿದ್ದೆವು. ಅಷ್ಟು ದೂರ ಯಾಕೆ ಹೋಗಬೇಕು? 2009ರಲ್ಲಿ ನಮ್ಮ ತುಂಗಭದ್ರೆಯೇ ಮಂತ್ರಾಲಯದ ಮಠದೊಳಗೆ ನುಗ್ಗಿದ್ದಳು. ಅಕ್ಟೋಬರ್ 2ರಂದು ಕರ್ನೂಲು ಪಟ್ಟಣ ನೀರಿನಲ್ಲಿತ್ತು. ಕೆಳಗೆ ಶ್ರೀಶೈಲ ಜಲಾಶಯಕ್ಕೆ 25 ಲಕ್ಷ ಕ್ಯೂಸೆಕ್‌ನಷ್ಟು ನೀರು ಬರುತ್ತಿತ್ತು. ಆದೋನಿಯ ನಾವೆಲ್ಲ ಆಗ ಚಿಕ್ಕವರು. ನೆನಪಿರುವುದು ಟಿವಿಯಲ್ಲಿ ಕಂಡ ಕೆಂಪು ನೀರು ಮಾತ್ರ.

ನಾಲ್ಕು ರಾತ್ರಿಯಲ್ಲಿ ನಾಟಕ ಬರೆದೆವು. ಹೀರೋಯಿನ್ ಮಾಳಿಗೆಯ ಮೇಲೆ. ಹೀರೋ ಲಾರಿ ಟ್ಯೂಬು ಹಿಡಿದು ಹೊಳೆಗೆ ಹಾರುತ್ತಾನೆ. ಊರಿನ ಒಂದೇ ದೋಣಿ ವಿಲನ್ ಕೈಯಲ್ಲಿ. ಓದಿಸಿ ಕೇಳಿದ ಫಾದರ್, ಪರಮಗೀತೆಯ ಎಂಟನೇ ಅಧ್ಯಾಯ ಓದಿ, ಅಲ್ಲಿ ಪ್ರೀತಿಯೂ ಇದೆ ಪ್ರವಾಹವೂ ಇದೆ ಎಂದರು. ಓದಿದೆವು. ಟ್ಯೂಬು ಇರಲಿಲ್ಲ.

ಆಮೇಲೆ, ಹೊಳೆ ನೋಡಿದವರನ್ನೇ ಕೇಳೋಣ ಎಂದು ನಮ್ಮ ಸಭೆಯ ಒಬ್ಬ ಅಕ್ಕನ ಮನೆಗೆ ಹೋದೆವು. ಆಗ ಅವರು ಮಂತ್ರಾಲಯದ ಹತ್ತಿರದ ಹೊಳೆದಂಡೆಯ ಊರಿಗೆ ಸೊಸೆಯಾಗಿ ಹೋಗಿ ನಾಲ್ಕೇ ತಿಂಗಳು.

“ಏನೂ ನಡೀಲಿಲ್ರಪ್ಪ. ಬರೀ ನೀರು ಏರಿತು,” ಎಂದರು ಅಕ್ಕ.

ಮೊದಲು ಹತ್ತಿ ಹೊಲ, ಆಮೇಲೆ ಓಣಿ, ಆಮೇಲೆ ಹೊಸ್ತಿಲು. ಗಂಡ ತನ್ನ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ದಿಬ್ಬದ ಮೇಲಿನ ನೆಂಟರ ಮನೆಗೆ ಹೊರಟ. ಹೆಂಡತಿಗೆ ಹೇಳಿದ್ದು ಒಂದೇ ಮಾತು: “ಸಾಲಿ ಮಾಳಿಗಿ ಹತ್ತು, ಬರ್ತೀನಿ.” ಹೋದವನ ಹಿಂದೆ ದಾರಿ ಮುಳುಗಿತು. ಮಾಳಿಗೆಯ ಮೇಲೆ ಹತ್ತಾರು ಜನ, ಯಾರದೋ ಎರಡು ಆಡು, ಒಂದು ಚೀಲ ಮಂಡಕ್ಕಿ. ಶಾಲೆಗೆ ಹದಿನಾಲ್ಕು ಮೆಟ್ಟಿಲು. ಬ್ಯಾಟರಿ ಹಿಡಿದು ಅಕ್ಕ ರಾತ್ರಿಯಿಡೀ ಅವನ್ನೇ ಎಣಿಸುತ್ತಿದ್ದರು. ಐದು ಮುಳುಗಿದವು. ಏಳು. ಒಂಬತ್ತನೆಯದರ ಮೇಲೆ ನೀರು ನಿಂತಾಗ ಯಾರೂ ಕೂಗಲಿಲ್ಲ, ಮಾತೇ ಆಡಲಿಲ್ಲ. ಗಂಡ ಬಂದದ್ದು ಮರುದಿನ ಮಧ್ಯಾಹ್ನ.

“ಯಾಕೆ ನನ್ನ ಬಿಟ್ಟು ಹೋದ್ರಿ ಅಂತ ಇವತ್ತಿನವರೆಗೂ ಕೇಳಿಲ್ಲ,” ಎಂದು ಅಕ್ಕ ಚಹಾಕ್ಕೆ ಎದ್ದರು.

ನಮ್ಮ ಬರಹದಲ್ಲಿ ಹೀರೋಗೆ ತಾಯಿಯೇ ಇರಲಿಲ್ಲ. ಇದ್ದಿದ್ದರೆ ಎಂಬ ಮಾತಿಗೆ ನಾವು ಅಲ್ಲೇ ಇಬ್ಭಾಗವಾದೆವು. ಕಟ್ಟಿಕೊಂಡವಳನ್ನು ಬಿಡಬಾರದಿತ್ತು ಎಂದು ಹುಡುಗಿಯರೆಲ್ಲ ಅನ್ನಲಿಲ್ಲ. ತಾಯಿಯೇ ಮೊದಲು ಎಂದು ಹುಡುಗರೆಲ್ಲ ಅನ್ನಲೂ ಇಲ್ಲ. ಅಷ್ಟರಲ್ಲಿ ಅಣ್ಣ ಕೆಲಸ ಮುಗಿಸಿ ಬಂದರು. ಹೇಗೋ ಧೈರ್ಯ ಮಾಡಿ ಕೇಳಿಯೇಬಿಟ್ಟೆವು.

ಅವರು ಚಪ್ಪಲಿ ಬಿಡುತ್ತಲೇ ಹೇಳಿದರು. “ಅವ್ವಗೆ ಮೆಟ್ಟಿಲು ಹತ್ತಾಕ ಆಗ್ತಿರ್ಲಿಲ್ಲ. ಇವಳಿಗೆ ಆಗ್ತಿತ್ತು. ಇರೋದು ಎರಡೇ ಕೈ.” ಸ್ವಲ್ಪ ಸುಮ್ಮನಿದ್ದು, “ದಿಬ್ಬದಿಂದ ಮಾಳಿಗಿ ಮ್ಯಾಲಿನ ಬ್ಯಾಟರಿ ಬೆಳಕು ಕಾಣ್ತಿತ್ತು. ಅದು ಆರೋತನಕ ಕುಂತಿದ್ದೆ. ಆರಿದ ಮ್ಯಾಲೆ ಕುಂದ್ರಾಕ ಆಗ್ಲಿಲ್ಲ,” ಎಂದರು.

ಒಳಗೆ ಲೋಟಗಳ ಸದ್ದು ನಿಂತಿತು.

“ಇದನ್ನ ಹೇಳಾಕ ಇಷ್ಟು ವರ್ಷ ಬೇಕಾಯ್ತಾ?” ಅಡುಗೆಮನೆಯಿಂದಲೇ ಅಕ್ಕ ಕೇಳಿದರು.

ನಾಟಕದಲ್ಲಿ ಈಗ ಟ್ಯೂಬು, ದೋಣಿ ಇಲ್ಲ. ಹದಿನಾಲ್ಕು ಮೆಟ್ಟಿಲು ಮಾತ್ರ. ಪಾತ್ರ ಕಳೆದುಕೊಂಡ ವಿಲನ್ ಇನ್ನೂ ನಮ್ಮ ಜೊತೆ ಮಾತಾಡುತ್ತಿಲ್ಲ.