ಅಮ್ಮನ ಸ್ಟಾರ್‌ಡೇಟ್

ಶಾಲಾ ದಿನಗಳಲ್ಲಿ, ಡೊಂಬಿವಲಿಯ ನಮ್ಮ ಒಂದು ಕೋಣೆಯ ಮನೆಯಲ್ಲಿ ‘ಸ್ಟಾರ್ ಟ್ರೆಕ್’ ನೋಡುವಾಗ ನನ್ನ ತಲೆ ಕೆಡಿಸುತ್ತಿದ್ದದ್ದು ಅನ್ಯಗ್ರಹದವರಲ್ಲ, ಕ್ಯಾಪ್ಟನ್ ದಿನಚರಿಯ ಮೊದಲಿಗೆ ಹೇಳುತ್ತಿದ್ದ ಸ್ಟಾರ್‌ಡೇಟ್. ಪಕ್ಕದ ಗೋಡೆಯಲ್ಲಿ ಮರಾಠಿ ಕಾಲನಿರ್ಣಯ, ಹಾಲು ಬಾರದ ದಿನಗಳಿಗೆ ಅಮ್ಮ ಹಾಕಿದ ಅಡ್ಡಗೀಟು. ಅಲ್ಲಿ ಎಲ್ಲ ಸ್ಪಷ್ಟ. ಟಿವಿಯಲ್ಲಿ 1513.1!

ಗುಟ್ಟು ತಿಳಿದದ್ದು ಎಷ್ಟೋ ವರ್ಷದ ಮೇಲೆ. 1966ರ ಮೊದಲ ಸರಣಿಯ ಬರಹಗಾರರಿಗೆ ಕೊಟ್ಟಿದ್ದ ಸೂಚನೆ ಇಷ್ಟೇ: ಯಾವುದಾದರೂ ನಾಲ್ಕು ಅಂಕಿ ಆರಿಸಿ, ಒಂದು ದಶಾಂಶ ಸೇರಿಸಿ. ಕಥೆ ಯಾವ ಶತಮಾನದ್ದೆಂದು ಯಾರೂ ಲೆಕ್ಕ ಹಾಕಬಾರದು, ಅಷ್ಟೆ. ತಾರೀಕುಗಳು ಹಿಂದುಮುಂದಾದಾಗ, ನೌಕೆಯ ವೇಗಕ್ಕೂ ಅದಿರುವ ಜಾಗಕ್ಕೂ ತಕ್ಕಂತೆ ಲೆಕ್ಕ ಬದಲಾಗುತ್ತದೆ ಎಂದು ನಿರ್ಮಾಪಕ ರಾಡನ್‌ಬೆರಿ ಜಾರಿಕೊಂಡರು. 1987ರ ಸರಣಿಯಲ್ಲಿ ಶಿಸ್ತು ಬಂತು. 41153.7 ಎಂದರೆ, 4 ಇಪ್ಪತ್ನಾಲ್ಕನೆಯ ಶತಮಾನಕ್ಕೆ, 1 ಮೊದಲ ಸೀಸನ್ನಿಗೆ. ಮುಂದಿನ ಸೀಸನ್ 42 ಸಾವಿರದಲ್ಲಿ. ಅದೇ 1987 ನಮ್ಮ ಪಂಚಾಂಗದಲ್ಲಿ ಪ್ರಭವ, ಅರುವತ್ತರಲ್ಲಿ ಮೊದಲನೆಯ ಸಂವತ್ಸರ. ಬರೀ ಕಾಕತಾಳೀಯ, ಆದರೂ ನನಗೆ ಖುಷಿ.

ಅಮ್ಮ ಬ್ರಹ್ಮಾವರದ ಕಡೆಯವಳು. ಹುಟ್ಟಿದ್ದು ವಿಕಾರಿ ಸಂವತ್ಸರದ ಸೋಣೆ ತಿಂಗಳಲ್ಲಿ, ಅಂದರೆ 1959. ಮಾಸ್ತರು ಬರೆದುಕೊಂಡದ್ದು 1957 ಜೂನ್ 1, ಆಧಾರ್‌ನಲ್ಲೂ ಅದೇ. 2019ರಲ್ಲಿ ವಿಕಾರಿ ತಿರುಗಿ ಬಂದಾಗಲೇ ಅವಳು ತನಗೆ ಅರುವತ್ತೆಂದು ಒಪ್ಪಿದ್ದು. ಸರಕಾರ ಎರಡು ವರ್ಷ ಮೊದಲೇ ಅವಳನ್ನು ಹಿರಿಯ ನಾಗರಿಕಳನ್ನಾಗಿ ಮಾಡಿತ್ತು.

2025ರ ಚೌತಿಯ ಹೊತ್ತಿಗೆ ಮರೆವು ಜಾಸ್ತಿಯಾಗಿ, ಠಾಣೆಯ ಒಬ್ಬ ಡಾಕ್ಟರ ಬಳಿ ಕರೆದೊಯ್ದೆ. “ಇದು ಯಾವ ವರ್ಷ?” ಮರಾಠಿಯಲ್ಲಿ ಕೇಳಿದರು.

“ವಿಶ್ವಾವಸು.”

ತಿಂಗಳು? “ಸೋಣೆ.” ದಿನ? “ಚೌತಿ ಕಳ್ದ್ ಐದ್ ದಿನ.”

ಡಾಕ್ಟರು ನನ್ನ ಮುಖ ನೋಡಿದರು. ಮೂರೂ ಸರಿ ಅಂದೆ. ನಕ್ಕು, ಇಂಗ್ಲಿಷ್ ವರ್ಷ ಹೇಳಲಿ ಎಂದರು. ಅಮ್ಮ ನನ್ನತ್ತ ತಿರುಗಿ ಸುಮ್ಮನಾದಳು. ಕಾಗದದಲ್ಲಿ ಸೊನ್ನೆ ಬಿತ್ತು.

ಸರಿಯುತ್ತರಕ್ಕೆ ಸೊನ್ನೆಯೇ ಎಂದು ಸ್ಲೋ ಲೋಕಲ್‌ನಲ್ಲಿ ಕಳವಾ ದಾಟುವವರೆಗೂ ಕುದಿಯುತ್ತಿದ್ದೆ. ಮುಂಬ್ರಾ ಬರುವಷ್ಟರಲ್ಲಿ ನನ್ನ ವಾದವೇ ಸಡಿಲವಾಯಿತು. ತಾರೀಕು ನೋಡಿ ಹಾಲಿನವನ ಜೊತೆ ಪೈಸೆ ಪೈಸೆಗೂ ಜಗಳಾಡುತ್ತಿದ್ದವಳು ಇವಳೇ. ಅವಳಿಂದ ಹೋಗುತ್ತಿದ್ದದ್ದು ಡೊಂಬಿವಲಿಯ ಲೆಕ್ಕ. ಅದರಲ್ಲೇ ನಾನು ಹುಟ್ಟಿದ್ದು.

ದಿವಾ ದಾಟಿದಾಗ ಕಿಟಕಿಯಿಂದ ಮುಖ ತಿರುಗಿಸಿ, “ಬೇಗ ನಡಿ, ಸೋಣೆ ಆರತಿಗೆ ಹೊತ್ತಾಯ್ತ್” ಅಂದಳು.

ಮುಂದಿನದು ಕೋಪರ್. ಹ್ಞೂ ಅಂದೆ.