ರಾಣಿ, ಆರು, ನಾಲ್ಕು

ನಮ್ಮ ಕಡೆ ದೀಪಾವಳಿಗೋ ಮದುವೆಯ ಹಿಂದಿನ ರಾತ್ರಿಯೋ ಮೂರೆಲೆ ಆಟ ನೋಡದವರು ಕಡಿಮೆ. ನಾನೂ ಮಾವಂದಿರ ಬೆನ್ನ ಹಿಂದೆ ಕೂತು ಕಲಿತವನು. ಅಲ್ಲಿ ಎಲೆಗಿಂತ ಮುಖ ಮುಖ್ಯ. ಕೈಯಲ್ಲಿ ಏನೂ ಇಲ್ಲದಿದ್ದರೂ ಹುಬ್ಬು ಅಲುಗಿಸದೆ ಬೆಟ್ ಏರಿಸ್ತಾ ಹೋದರೆ ಎದುರಿನವನು ಹೆದರಿ ಪ್ಯಾಕ್ ಮಾಡ್ತಾನೆ.

ಲಾಸ್ ವೇಗಸ್‌ನಲ್ಲಿ ಇದನ್ನೇ ಹೋಲುವ ಇನ್ನೊಂದು ಆಟ ಇದೆ - ತ್ರೀ ಕಾರ್ಡ್ ಪೋಕರ್. 1994ರಲ್ಲಿ ಇಂಗ್ಲೆಂಡಿನ ಡೆರೆಕ್ ವೆಬ್ ರೂಪಿಸಿದ್ದು. ಇಲ್ಲಿ ಎದುರಾಳಿ ಡೀಲರಮ್ಮ ಒಬ್ಬಳೇ. ನೀವು ಎಷ್ಟೇ ಹುಬ್ಬು ಗಂಟಿಕ್ಕಿ, ಆಕೆ ಹೆದರಲ್ಲ!

ನಾನು ಇದನ್ನು ಕಲಿತಿದ್ದು ರೂಮ್‌ಮೇಟ್ ಕಾಟಕ್ಕೆ. ಹೋದ ಸಲ 600 ಡಾಲರ್ ಕಳ್ಕೊಂಡು ಬಂದಿದ್ದ. "ಮಗಾ, ನೀನು ಕೋಡ್ ಬರೀತೀಯಲ್ಲ, ಗೆಲ್ಲೋ ದಾರಿ ಹುಡುಕು" ಅಂದ.

ಆಟ ಸುಲಭ. ಮೊದಲು 'ಆಂಟಿ' ಕಟ್ಟಬೇಕು (ಪಕ್ಕದ ಮನೆ ಆಂಟಿ ಅಲ್ಲ, ಎಲೆ ಹಾಕೋ ಮುಂಚಿನ ಪಣ). ಮೂರೆಲೆ ನೋಡಿ ಇಷ್ಟವಾದರೆ ಅಷ್ಟೇ ಮೊತ್ತ 'ಪ್ಲೇ' ಅಂತ ಇಡೋದು, ಇಲ್ಲಾಂದ್ರೆ ಎಲೆ ಮಡಚಿ ಆಂಟಿ ಬಿಟ್ಟುಕೊಡೋದು. ಡೀಲರ್‌ಗೆ ರಾಣಿ ಅಥವಾ ಅದಕ್ಕಿಂತ ಮೇಲಿನ ಕೈ ಬರದಿದ್ದರೆ ಆಂಟಿಗೆ ಸಮ ಹಣ, ಪ್ಲೇ ವಾಪಸ್. ಬಂದು ನಾವು ಗೆದ್ದರೆ ಎರಡಕ್ಕೂ ಸಮ ಹಣ. ಸೋತರೆ ಎರಡೂ ಗೋವಿಂದ.

52 ಎಲೆಯಲ್ಲಿ ಮೂರೆಲೆಯ ಕೈಗಳು 22,100. ನಮ್ಮಲ್ಲಿ ಟ್ರಯಲ್ ಎಲ್ಲಕ್ಕಿಂತ ದೊಡ್ಡದು ಅಲ್ವಾ? ಇಲ್ಲಿ ಒಂದೇ ಕಲರ್‌ನ ಸೀಕ್ವೆನ್ಸ್ ದೊಡ್ಡದು. ಎಣಿಸಿ ನೋಡಿದೆ: ಟ್ರಯಲ್ 52 ಬಗೆ, ಕಲರ್ ಸೀಕ್ವೆನ್ಸ್ 48 ಬಗೆ. ಲೆಕ್ಕ ಕ್ಯಾಸಿನೋದ್ದೇ ಸರಿ, ಮಾವಂದಿರು ಒಪ್ಪಲ್ಲ ಅಷ್ಟೆ.

ನಮ್ಮ ಒಂದೊಂದು ಕೈಗೂ ಡೀಲರ್‌ಗೆ ಬರಬಹುದಾದ ಕೈ 18,424. ಗುಣಿಸಿದರೆ 40 ಕೋಟಿಗೂ ಮೇಲೆ. ಲ್ಯಾಪ್‌ಟಾಪ್‌ಗೆ ಅದೇನು ಮಹಾ! ಒಂದು ಭಾನುವಾರ ಪ್ರೋಗ್ರಾಮ್ ಬರೆದು ಓಡಿಸಿದೆ. ಉತ್ತರ ಒಂದೇ ಸಾಲು: ರಾಣಿ, ಆರು, ನಾಲ್ಕು. ಅದು ಅಥವಾ ಅದಕ್ಕಿಂತ ಮೇಲಿದ್ದರೆ ಆಡು, ಇಲ್ಲಾಂದ್ರೆ ಮಡಚು. ಹೀಗೆ ಆಡಿದರೂ ಆಂಟಿಯ ಶೇಕಡಾ 3.37 ಮನೆಯವರಿಗೆ ಹೋಗುತ್ತೆ. ರಾಣಿ ಇದ್ದರೆ ಸಾಕು ಅಂತ ಆಡಿದರೆ 3.45. ಅಂದರೆ ಆ ಆರು-ನಾಲ್ಕು ಬಾಯಿಪಾಠ ಮಾಡಿದ್ದಕ್ಕೆ 15 ಡಾಲರ್‌ಗೆ ಉಳಿಯೋದು ಒಂದು ಸೆಂಟ್! ಯಾವ ಕೈಯನ್ನೂ ಮಡಚದೆ ಆಡಿದರೆ ಮಾತ್ರ 7.65.

ಪಕ್ಕದಲ್ಲೇ 'ಪೇರ್ ಪ್ಲಸ್' ಅಂತ ಇನ್ನೊಂದು ಪಣ. ಜೋಡಿ ಅಥವಾ ಅದಕ್ಕಿಂತ ಮೇಲೆ ಬಂದರೆ ಹಣ. ಅಲ್ಲಿ ಕಲರ್‌ಗೆ ನಾಲ್ಕು ಪಟ್ಟು ಕೊಡುವ ಟೇಬಲ್‌ನಲ್ಲಿ ಮನೆಯವರ ಪಾಲು 2.32, ಮೂರು ಪಟ್ಟು ಕೊಡುವಲ್ಲಿ 7.28. ಬಟ್ಟೆಯ ಮೇಲೆ ಅಚ್ಚಾದ ಒಂದೇ ಒಂದು ಅಂಕಿ ಬದಲು!

"ಗೆಲ್ಲೋ ದಾರಿ ಇಲ್ಲ ಕಣೋ, ನಿಧಾನವಾಗಿ ಸೋಲೋ ದಾರಿ ಇದೆ" ಅಂದೆ. ಮುಖ ಸಣ್ಣ ಮಾಡ್ಕೊಂಡ. ಆದರೂ ಲಾಂಗ್ ವೀಕೆಂಡ್‌ಗೆ ಲಾಸ್ ಏಂಜಲೀಸ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿ ಹೋದ್ವಿ.

ನಾನು ನಿಯಮ ತಪ್ಪದೆ ಆಡಿ 90 ಡಾಲರ್ ಬಿಟ್ಟೆ. ಅವನು ಒಂದು ಕೈಯನ್ನೂ ಮಡಚದೆ, ಮೂರು ಪಟ್ಟಿನ ಟೇಬಲ್‌ನಲ್ಲೇ ಪೇರ್ ಪ್ಲಸ್ ಕಟ್ಟಿ 180 ಗೆದ್ದ. ವಾಪಸ್ ಬರೋ ದಾರಿಯುದ್ದಕ್ಕೂ "ನಿನ್ನ ಪ್ರೋಗ್ರಾಮ್ ಏನ್ ಹೇಳುತ್ತೆ ಈಗ?" ಅಂತ ಒಂದೇ ನಗು. ಒಂದು ಸಂಜೆಯಲ್ಲಿ ಏನು ಬೇಕಾದರೂ ಆಗುತ್ತೆ, ನೂರು ಸಂಜೆಯಲ್ಲಿ ಆಗಲ್ಲ ಅಂದೆ. ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅವನು ಸೋತು ಬಂದಿದ್ದರೆ ನನಗೆ ಇಷ್ಟು ಭಯ ಆಗ್ತಿರಲಿಲ್ಲ.

ಇದೇ ಡೆರೆಕ್ ವೆಬ್ ಆಮೇಲೆ ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳ ಯಂತ್ರಗಳ ವಿರುದ್ಧದ ಹೋರಾಟಕ್ಕೆ ಹಣ ಸುರಿದರು. ಒಂದು ಸುತ್ತಿಗೆ 100 ಪೌಂಡ್‌ವರೆಗೆ ಕಟ್ಟಬಹುದಾಗಿದ್ದ ಆ ಯಂತ್ರಗಳ ಮಿತಿ 2019ರಲ್ಲಿ 2 ಪೌಂಡ್‌ಗೆ ಇಳಿಯಿತು. ಇದನ್ನೂ ರೂಮ್‌ಮೇಟ್‌ಗೆ ಹೇಳಿದೆ.

"ಹೌದಾ?" ಅಂದ, ಫೋನಿಂದ ತಲೆ ಎತ್ತದೆ. ಮುಂದಿನ ತಿಂಗಳಿಗೆ ಹೋಟೆಲ್ ರೂಮ್ ನೋಡ್ತಿದ್ದ. ಈ ಸಲ ಅವನ ಕಾರ್ಡು ನನ್ನ ಜೇಬಲ್ಲಿ, 200 ಡಾಲರ್ ಮಾತ್ರ ಅವನ ಕೈಯಲ್ಲಿ ಅಂತ ಷರತ್ತು ಹಾಕಿದ್ದೀನಿ. ಇನ್ನೂ ಹೂಂ ಅಂದಿಲ್ಲ.